ಗ್ರಿಡ್ ಇಲ್ಲದ ಮನೆಯಲ್ಲಿ ಸಂಪಾದನೆ: ಕೆಲಸ ಎಷ್ಟು ತಿನ್ನುತ್ತದೆ ಎಂದು ಮೊದಲು ನೋಡಿ

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೇ. ಕರೆಂಟ್ ಕಂಬವಾಗಲಿ ನಲ್ಲಿ ನೀರಾಗಲಿ ಬಾರದ ಒಂದು ಜಾಗ ಕೊಂಡು ಸಣ್ಣ ಮನೆ ಕಟ್ಟಿದ್ದೇವೆ. ಪಕ್ಕದಲ್ಲೇ ಒಂದು ತೊರೆ ಹರಿಯುತ್ತದೆ. ಒಳ್ಳೆಯ ರಸ್ತೆಗೆ 3 ಕಿಲೋಮೀಟರ್ ದೂರ. ವರ್ಷದಲ್ಲಿ ಎರಡು ಮೂರು ತಿಂಗಳು ಆ ದಾರಿ ಕೆಟ್ಟಿರುತ್ತದೆ. ನಾನು ಈಗ ಎರಡು ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅದನ್ನು ಆನ್‌ಲೈನ್‌ನಲ್ಲಿ ಮುಂದುವರಿಸಲು ಅವರು ಒಪ್ಪಿದ್ದಾರೆ. ನನ್ನವರಿಗೆ ಮರಗೆಲಸ ಚೆನ್ನಾಗಿ ಬರುತ್ತದೆ. ಮೂಲಿಕೆ ಸೊಪ್ಪು ಒಣಗಿಸಿ ಮಾರುವುದು, ಜೇನು, ಸೋಪು, ಅತಿಥಿಗಳಿಗೆ ಕೋಣೆ ಕೊಡುವುದು, ಹೀಗೆ ಹತ್ತು ಯೋಚನೆಗಳಿವೆ. ಎಂಟು ತಿಂಗಳ ಖರ್ಚಿಗಾಗುವಷ್ಟು ಉಳಿತಾಯ ಇದೆ. 800 ವ್ಯಾಟ್ ಸೋಲಾರ್ ಪ್ಯಾನೆಲ್, 12 ವೋಲ್ಟಿನ 200 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಎರಡು ಹಾಕಿಸಿದ್ದೇವೆ. ಕೆಲಸ ಬಿಟ್ಟು ಹೊರಡಬಹುದಾ? ಯಾವುದರಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತೊರೆಯ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನಿಮ್ಮ ಜಾಗದಲ್ಲಿ ಅದೇ ದೊಡ್ಡ ಆಸ್ತಿ ಇರಬಹುದು ಅಂತ ನನಗೆ ಅನಿಸುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪ್ರಶ್ನೆಗೆ ನೇರ ಉತ್ತರ: ಹೊರಡಿ, ಆದರೆ ಕೆಲಸ ಬಿಡಬೇಡಿ. ಲೆಕ್ಕಪತ್ರದ ಕೆಲಸವನ್ನು ಜೊತೆಗೇ ಒಯ್ಯಿರಿ. ನೀವು ಹೇಳಿದ ಹತ್ತರಲ್ಲಿ ಮೊದಲ ವರ್ಷ ಮನೆ ನಡೆಸುವ ಶಕ್ತಿ ಇರುವುದು ಅದೊಂದಕ್ಕೇ. ಉಳಿದವು ಒಳ್ಳೆಯ ಯೋಚನೆಗಳೇ, ಆದರೆ ಅವು ದುಡ್ಡಾಗಿ ಕೈಗೆ ಬರಲು ಕಾಲ ಬೇಕು. ಜೇನು ಕುಟುಂಬಕ್ಕೆ ಮೊದಲ ವರ್ಷ ತನ್ನ ಹೊಟ್ಟೆಗೆ ಕೂಡಿಟ್ಟುಕೊಳ್ಳುವುದೇ ಆಗುತ್ತದೆ. ಹಸಿ ಹಲಗೆ ನೆರಳಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಹಿಡಿಯುತ್ತದೆ. ನಿಮ್ಮಲ್ಲಿರುವುದು ಎಂಟು ತಿಂಗಳ ಉಳಿತಾಯ. ಈ ಎರಡು ಲೆಕ್ಕ ಒಂದಕ್ಕೊಂದು ಕೂಡುವುದಿಲ್ಲ, ಅಲ್ವಾ?

ಊರಲ್ಲಿ ಇದ್ದಾಗ ಒಂದು ಕೆಲಸದ ಬಗ್ಗೆ ನಾವು ಕೇಳುವುದು "ಇದರಿಂದ ಎಷ್ಟು ಬರುತ್ತದೆ" ಅಂತ. ಗ್ರಿಡ್, ಅಂದರೆ ಹೊರಗಿನ ಕರೆಂಟ್ ಲೈನ್, ಇಲ್ಲದ ಕಡೆ ಅದಕ್ಕಿಂತ ಮೊದಲು ಕೇಳಬೇಕಾದದ್ದು "ಇದು ಎಷ್ಟು ತಿನ್ನುತ್ತದೆ" ಅಂತ. ಎಷ್ಟು ಕರೆಂಟ್ ತಿನ್ನುತ್ತದೆ? ಎಷ್ಟು ನೀರು? ಎಷ್ಟು ಸಲ ಆ 3 ಕಿಲೋಮೀಟರ್ ದಾರಿ ಸವೆಸಬೇಕು? ವರ್ಷದ ಯಾವ ತಿಂಗಳಲ್ಲಿ? ಊರಲ್ಲಿ ಇದನ್ನೆಲ್ಲ ಬೇರೆ ಯಾರೋ ಒದಗಿಸುತ್ತಾರೆ, ನಾವು ಬಿಲ್ ಕಟ್ಟುತ್ತೇವೆ. ಇಲ್ಲಿ ನೀವು ಮಾಡುವ ಪ್ರತಿ ಕೆಲಸವೂ ನಿಮ್ಮ ಮನೆಯ ಬ್ಯಾಟರಿಯಿಂದ, ನಿಮ್ಮ ತೊಟ್ಟಿಯಿಂದ, ನಿಮ್ಮ ಮೈಯಿಂದಲೇ ತಿನ್ನಬೇಕು. ಹದಿನಾರು ವರ್ಷದಿಂದ ಹೀಗೆ ಬದುಕುತ್ತಿದ್ದೇನೆ, ಬೇರೆಯವರ ಮನೆಗಳಿಗೆ ಸೋಲಾರ್, ಹರಿಯುವ ನೀರಿನಿಂದ ಕರೆಂಟ್ ಮಾಡುವ ಸಣ್ಣ ಟರ್ಬೈನ್ ಕೂರಿಸಿಕೊಡುತ್ತೇನೆ. ವಾಪಸ್ ಊರಿಗೆ ಹೋದವರನ್ನೂ ನೋಡಿದ್ದೇನೆ. ಸಂಪಾದನೆಯೇ ಇಲ್ಲದೆ ಹೋದವರು ಕಡಿಮೆ. ಆರಿಸಿಕೊಂಡ ಕೆಲಸ ಮನೆಯನ್ನು ತಿಂದುಹಾಕಿದ್ದರಿಂದ ಹೋದವರೇ ಜಾಸ್ತಿ.

ನಿಮ್ಮ ಮನೆಯ ಕರೆಂಟ್ ಲೆಕ್ಕವನ್ನೇ ಮಾಡೋಣ. 800 ವ್ಯಾಟ್ ಪ್ಯಾನೆಲ್ ಅಂದರೆ ದಿನವಿಡೀ 800 ವ್ಯಾಟ್ ಅಲ್ಲ. ಒಳ್ಳೆಯ ಬಿಸಿಲಿನ ದಿನ ಸುಮಾರು ನಾಲ್ಕು ಗಂಟೆಯ ಪೂರ್ತಿ ಬಿಸಿಲಿಗೆ ಸಮನಾದದ್ದು ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಧೂಳು, ಬಿಸಿ, ತಂತಿ, ಬ್ಯಾಟರಿ ಎಲ್ಲ ಸೇರಿ ಕಾಲು ಭಾಗ ಕಳೆಯುತ್ತದೆ. ಉಳಿಯುವುದು 2,400 ವ್ಯಾಟ್-ಅವರ್, ಅಂದರೆ 2.4 ಯೂನಿಟ್. 12 ವೋಲ್ಟನ್ನು 200 ಆಂಪಿಯರ್-ಅವರ್‌ನಿಂದ ಗುಣಿಸಿದರೆ ಒಂದು ಬ್ಯಾಟರಿಗೆ 2.4 ಯೂನಿಟ್, ಎರಡರಲ್ಲಿ ಒಟ್ಟು 4.8 ಯೂನಿಟ್ ಹಿಡಿಯುತ್ತದೆ. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬೇಗ ಸಾಯುತ್ತದೆ. ಹಾಗಾಗಿ ಬಳಸಬಹುದಾದದ್ದು 2.4 ಯೂನಿಟ್ ಮಾತ್ರ.

ಈಗ ನಿಮ್ಮ ಕೆಲಸ. ಲ್ಯಾಪ್‌ಟಾಪ್ ಸುಮಾರು 50 ವ್ಯಾಟ್, ದಿನಕ್ಕೆ ಏಳು ಗಂಟೆಗೆ 350 ವ್ಯಾಟ್-ಅವರ್. ಉಪಗ್ರಹದ ಇಂಟರ್ನೆಟ್ ಹಾಕಿಸಿದರೆ ಅದರ ಡಿಶ್ 50ರಿಂದ 100 ವ್ಯಾಟ್ ಎಳೆಯುತ್ತದೆ. 75 ಅಂದುಕೊಂಡರೆ ಏಳು ಗಂಟೆಗೆ 525. ಎರಡೂ ಸೇರಿ ಒಂದು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ಮನೆಯ ದೀಪ, ಫೋನ್, ಸಣ್ಣ ಪಂಪು ಸೇರಿ ಸುಮಾರು 400. ಇನ್ನು ಯಾರ ಲೆಕ್ಕಕ್ಕೂ ಬಾರದ ಒಂದು ಬಾಬ್ತು ಇದೆ: ಬ್ಯಾಟರಿಯ ಕರೆಂಟನ್ನು ಮನೆಯ ಮಾಮೂಲಿ ಕರೆಂಟಾಗಿ ಬದಲಿಸುವ ಇನ್ವರ್ಟರ್. ಏನೂ ಓಡಿಸದೆ ಸುಮ್ನೆ ಆನ್ ಆಗಿದ್ದರೂ ಅದು 20 ವ್ಯಾಟ್‌ನಷ್ಟು ತಿನ್ನುತ್ತಿರುತ್ತದೆ. 24 ಗಂಟೆಗೆ 480. ಎಲ್ಲ ಕೂಡಿಸಿದರೆ ದಿನಕ್ಕೆ 1.7 ಯೂನಿಟ್ ಚಿಲ್ಲರೆ.

ಬಿಸಿಲಿನ ದಿನ ಇದು ಆರಾಮವಾಗಿ ನಡೆಯುತ್ತದೆ. ದಟ್ಟ ಮೋಡದ ದಿನ ಪ್ಯಾನೆಲ್ ಮಾಮೂಲಿನ ಹತ್ತರಲ್ಲಿ ಒಂದು ಪಾಲಿನಿಂದ ನಾಲ್ಕರಲ್ಲಿ ಒಂದು ಪಾಲು ಕೊಟ್ಟರೆ ಹೆಚ್ಚು. 400 ವ್ಯಾಟ್-ಅವರ್ ಬಂತು ಅಂದುಕೊಳ್ಳಿ. ದಿನಕ್ಕೆ 1.3 ಯೂನಿಟ್ ಬ್ಯಾಟರಿಯಿಂದ ಹೋಗುತ್ತದೆ. ಎರಡನೇ ದಿನದ ಸಂಜೆಗೆ ಬ್ಯಾಟರಿ ಅರ್ಧ ದಾಟಿ ಇಳಿದಿರುತ್ತದೆ. ಮೂರನೇ ದಿನವೂ ಮೋಡ ಇದ್ದರೆ ಲ್ಯಾಪ್‌ಟಾಪ್ ಮುಚ್ಚಬೇಕು. ಅದೇ ವಾರ ತಿಂಗಳ ಕೊನೆ ಆಗಿದ್ದರೆ ನಿಮ್ಮ ಲೆಕ್ಕಪತ್ರಕ್ಕೆ ಕಾಯುತ್ತಿರುವವರಿಗೆ ಏನು ಹೇಳುತ್ತೀರಿ?

ಇದಕ್ಕೆ ದುಡ್ಡು ಸುರಿಯುವ ಮೊದಲು ಮಾಡಬಹುದಾದ ಕೆಲಸಗಳಿವೆ. ರಾತ್ರಿ ಇನ್ವರ್ಟರ್ ಮತ್ತು ಡಿಶ್ ಎರಡನ್ನೂ ಸ್ವಿಚ್‌ನಿಂದಲೇ ಆರಿಸಿ. ಡಿಶ್ ಅನ್ನು ಹಗಲು ರಾತ್ರಿ ಬಿಟ್ಟರೆ ಅದೊಂದೇ 1.8 ಯೂನಿಟ್ ತಿನ್ನುತ್ತದೆ, ಅಂದರೆ ನಿಮ್ಮ ಇಡೀ ಮನೆಗಿಂತ ಜಾಸ್ತಿ. ಮನೆಯ ದೀಪಗಳನ್ನು 12 ವೋಲ್ಟಿನವೇ ಹಾಕಿಸಿ. ಕಾರಿನಲ್ಲಿ ಬಳಸುವಂಥ 12 ವೋಲ್ಟಿನ ಚಾರ್ಜರ್‌ನಿಂದ ಲ್ಯಾಪ್‌ಟಾಪ್ ಚಾರ್ಜ್ ಮಾಡಿ. ಆಗ ಇನ್ವರ್ಟರ್ ದಿನದಲ್ಲಿ ಕೆಲವೇ ಗಂಟೆ ಸಾಕು. ಲೆಕ್ಕಪತ್ರದ ಕೆಲಸದ ದೊಡ್ಡ ಅನುಕೂಲ ಏನು ಗೊತ್ತಾ? ಬಹುಪಾಲನ್ನು ಇಂಟರ್ನೆಟ್ ಇಲ್ಲದೆ ಮಾಡಬಹುದು. ಬೆಳಿಗ್ಗೆ ಒಂದು ಗಂಟೆ ಡಿಶ್ ಹಾಕಿ ಕಡತಗಳನ್ನು ಇಳಿಸಿಕೊಳ್ಳಿ, ಸಂಜೆ ಒಂದು ಗಂಟೆ ಹಾಕಿ ಕಳಿಸಿ. 525 ಇದ್ದದ್ದು 150ಕ್ಕೆ ಇಳಿಯುತ್ತದೆ.

ಇಂಟರ್ನೆಟ್ ಬಗ್ಗೆ ಇನ್ನೊಂದು ಮಾತು. ಉಪಗ್ರಹ ಅಂದರೆ ಎಲ್ಲ ಒಂದೇ ಅಲ್ಲ. ಹಳೆಯ ಬಗೆಯ ಸಂಪರ್ಕದಲ್ಲಿ ಉಪಗ್ರಹ ಭೂಮಿಯಿಂದ 35,786 ಕಿಲೋಮೀಟರ್ ಮೇಲೆ ಇರುತ್ತದೆ. ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಕಡತ ಕಳಿಸಲು ಪರವಾಗಿಲ್ಲ, ಮಾತುಕತೆಗೆ ಹಿಂಸೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಓಡುವ ಸ್ಟಾರ್‌ಲಿಂಕ್‌ನಂಥ ಉಪಗ್ರಹಗಳಲ್ಲಿ ಈ ತಡ ಗೊತ್ತೇ ಆಗುವುದಿಲ್ಲ. ಆದರೆ ಆಕಾಶ ತೆರೆದಿರಬೇಕು, ಮರ ಅಡ್ಡ ಬಂದರೆ ಕೊಂಡಿ ತಪ್ಪುತ್ತಿರುತ್ತದೆ. ನಿಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಇದೆಯೇ ಅಂತಲೂ ನೋಡಬೇಕು. ಡಿಶ್ ಕೊಳ್ಳುವ ಮೊದಲು ಫೋನ್ ಹಿಡಿದು ಜಾಗವನ್ನೆಲ್ಲ ಒಮ್ಮೆ ಸುತ್ತಿ. ಗುಡ್ಡದ ನೆತ್ತಿಯಲ್ಲಿ ಎರಡು ಗೆರೆ ಸಿಗ್ನಲ್ ಸಿಕ್ಕರೆ, ಹೊರಗಿನ ಆಂಟೆನಾ ಮತ್ತು 10 ವ್ಯಾಟ್‌ನ ಸಣ್ಣ ರೌಟರ್‌ನಲ್ಲೇ ನಿಮ್ಮ ಕೆಲಸ ಆಗಿಹೋಗಬಹುದು.

ಮತ್ತು ಆ ಎರಡು ಸಂಸ್ಥೆಯವರಿಗೆ ಈಗಲೇ ನಿಜ ಹೇಳಿ. ಎಲ್ಲಿ ಹೋಗುತ್ತಿದ್ದೀರಿ, ಯಾವ ಹೊತ್ತಿನಲ್ಲಿ ಫೋನಿಗೆ ಸಿಗುತ್ತೀರಿ, ಕೆಲಸ ಯಾವ ತಾರೀಕಿಗೆ ಕೈಸೇರುತ್ತದೆ, ಎಲ್ಲವನ್ನೂ ಮಾತಾಡಿ. ಕೊನೆಯ ದಿನಕ್ಕಿಂತ ನಾಲ್ಕು ದಿನ ಮೊದಲೇ ಮುಗಿಸುವುದನ್ನು ರೂಢಿ ಮಾಡಿಕೊಳ್ಳಿ. ನಾನು ಇದನ್ನು ಮುಚ್ಚಿಟ್ಟು ಒಂದು ಒಳ್ಳೆಯ ಕೆಲಸ ಕಳೆದುಕೊಂಡಿದ್ದೇನೆ. ಎರಡು ಸಲ ಮುಖ್ಯ ಮಾತುಕತೆಯ ಮಧ್ಯದಲ್ಲೇ ಲೈನ್ ಕಡಿದುಹೋಯಿತು. ನಾನು ಎಲ್ಲಿದ್ದೇನೆ ಅಂತ ಕೆಲಸ ಕೊಟ್ಟವರಿಗೆ ಗೊತ್ತಿರಲಿಲ್ಲ. ಬೇಜವಾಬ್ದಾರಿ ಅಂದುಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಈಗ ತೊರೆ. ದಯವಿಟ್ಟು ಈ ವಾರವೇ ಒಂದು 20 ಲೀಟರ್ ಬಕೆಟ್ ತೆಗೆದುಕೊಂಡು ಹೋಗಿ. ನೀರು ಪೂರ್ತಿ ಬಕೆಟ್‌ಗೇ ಬೀಳುವಂತೆ ಸಣ್ಣ ಅಡ್ಡಕಟ್ಟೆ ಮಾಡಿ, ತುಂಬಲು ಎಷ್ಟು ಸೆಕೆಂಡ್ ಆಯಿತು ನೋಡಿ. ಹತ್ತು ಸೆಕೆಂಡ್ ಆದರೆ ಸೆಕೆಂಡಿಗೆ 2 ಲೀಟರ್. ಆಮೇಲೆ ನಿಮ್ಮ ಜಾಗದೊಳಗೆ ತೊರೆ ಎಷ್ಟು ಇಳಿಯುತ್ತದೆ ಅಂತ ಅಳೆಯಿರಿ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು. ಸಣ್ಣ ಟರ್ಬೈನ್‌ಗೆ ಒಂದು ಸುಲಭ ಸೂತ್ರ ಇದೆ: ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಇಳಿಜಾರು, ಎರಡನ್ನೂ ಗುಣಿಸಿ ಮತ್ತೆ 5ರಿಂದ ಗುಣಿಸಿ. ಅರ್ಧ ಶಕ್ತಿ ಪೈಪು, ಯಂತ್ರಗಳಲ್ಲಿ ಕಳೆಯುತ್ತದೆ ಅಂತ ಹಿಡಿದ ಲೆಕ್ಕ ಇದು. 2 ಲೀಟರ್, 15 ಮೀಟರ್ ಆದರೆ 150 ವ್ಯಾಟ್.

150 ವ್ಯಾಟ್ ಕೇಳಲು ಚಿಕ್ಕದು. ಆದರೆ ಅದು ರಾತ್ರಿಯೂ ಬರುತ್ತದೆ. 24 ಗಂಟೆಗೆ 3.6 ಯೂನಿಟ್, ನಿಮ್ಮ 800 ವ್ಯಾಟ್ ಪ್ಯಾನೆಲ್‌ಗಿಂತ ಜಾಸ್ತಿ. ಅದೂ ಮಳೆ ಬಂದು ಪ್ಯಾನೆಲ್ ಕೈಕೊಟ್ಟ ದಿನಗಳಲ್ಲೇ ತೊರೆ ತುಂಬಿ ಹರಿಯುತ್ತಿರುತ್ತದೆ. ಇಂಥ ಜೋಡಿ ಎಲ್ಲರಿಗೂ ಸಿಗುವುದಿಲ್ಲ. ಅತಿ ಕಡಿಮೆ ನೀರಿರುವ ತಿಂಗಳಲ್ಲೂ ಒಮ್ಮೆ ಅಳೆಯಿರಿ, ಆ ಅಂಕಿಯನ್ನೇ ನಂಬಿ. ನೀರು ತಿರುಗಿಸಲು ಅನುಮತಿ ಬೇಕಾ ಅಂತ ವಿಚಾರಿಸಿ. ಕೆಳಗಿನವರ ಪಾಲು ಕಡಿಮೆ ಆಗದಂತೆ ನೀರು ಮತ್ತೆ ತೊರೆಗೇ ಸೇರಬೇಕು. ತೊರೆ ಇಷ್ಟು ಕೊಡುತ್ತದೆ ಅಂತಾದರೆ ನಿಮ್ಮವರ ಮರಗೆಲಸದ ಲೆಕ್ಕವೂ ಬದಲಾಗುತ್ತದೆ.

ಮರಗೆಲಸದ ಮಾತು ಬಂತು. ವೃತ್ತಾಕಾರದ ಗರಗಸ, ರಂದಾ ಯಂತ್ರ ಎಲ್ಲ 1,000ದಿಂದ 1,500 ವ್ಯಾಟ್ ಇರುತ್ತವೆ. ಮೋಟರ್ ಶುರುವಾಗುವ ಕ್ಷಣ ಅದರ ಹಲವು ಪಟ್ಟು ಎಳೆಯುತ್ತದೆ. ಇನ್ವರ್ಟರ್ ಸಣ್ಣದಿದ್ದರೆ ಅಲ್ಲೇ ಕಟ್ ಆಗುತ್ತದೆ. ಆದರೆ ಈ ಯಂತ್ರಗಳು ದಿನದಲ್ಲಿ ಓಡುವುದು ನಿಮಿಷಗಳ ಲೆಕ್ಕದಲ್ಲಿ. ಹದಿನೈದು ನಿಮಿಷ ಸೀಳಿದರೆ ಒಂದು ದಿನದ ಕೆತ್ತನೆಗೆ ಸಾಕು. ಹಾಗಾಗಿ ಸೀಳುವುದೆಲ್ಲ ಬಿಸಿಲಿನ ದಿನ ನಡುಮಧ್ಯಾಹ್ನಕ್ಕೆ, ಉಳಿ, ಕೈರಂದಾದ ಕೆಲಸ ಮೋಡದ ದಿನಕ್ಕೆ. ನಿಜವಾದ ತೊಂದರೆ ಕರೆಂಟ್ ಅಲ್ಲ, ದಾರಿ. ಮೇಜು, ಮಂಚ ಮಾಡಿದರೆ ಆ 3 ಕಿಲೋಮೀಟರ್ ದಾಟಿಸುವವರು ಯಾರು? ಒಬ್ಬರು ಬೆನ್ನ ಮೇಲೆ ಹೊತ್ತು ನಡೆಯಬಹುದಾದ್ದನ್ನು ಮಾಡಲಿ. ಸೌಟು, ಬಟ್ಟಲು, ಉಪಕರಣಗಳ ಹಿಡಿ, ಆಟಿಕೆ. ಇಲ್ಲವೇ ಹಲಗೆ ಸೀಳಿ ಬಿಡಿಭಾಗವಾಗಿ ಒಯ್ದು ಅಲ್ಲಿ ಜೋಡಿಸಬಹುದಾದ ಜೇನುಪೆಟ್ಟಿಗೆ. ಜೇನು ಸಾಕುವವರಿಗೆ ಪೆಟ್ಟಿಗೆ, ಚೌಕಟ್ಟು ಮತ್ತೆ ಮತ್ತೆ ಬೇಕಾಗುತ್ತವೆ. ಅಳತೆ ಕರಾರುವಾಕ್ಕಾಗಿದ್ದರೆ ಒಮ್ಮೆ ಕೊಂಡವರು ಮತ್ತೆ ಬರುತ್ತಾರೆ.

ಮೂಲಿಕೆ ಸೊಪ್ಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲೇ ನಾನು ಜಾಸ್ತಿ ಪೆಟ್ಟು ತಿಂದಿದ್ದು. ಶುರುವಿನಲ್ಲಿ 500 ವ್ಯಾಟ್‌ನ ವಿದ್ಯುತ್ ಡ್ರೈಯರ್ ಕೊಂಡೆ. ಪುದೀನ ಒಣಗಿಸಿದೆ. ಎರಡನೇ ವರ್ಷ ಮುಗಿಯುವ ಮೊದಲೇ ಬ್ಯಾಟರಿಗಳು ಸತ್ತುಹೋದವು. ಯಾಕೆ ಅಂತ ಆಮೇಲೆ ಲೆಕ್ಕ ಹಾಕಿದೆ. 10 ಕಿಲೋ ಹಸಿ ಎಲೆಯಲ್ಲಿ 8 ಕಿಲೋದಷ್ಟು ನೀರೇ ಇರುತ್ತದೆ. ಒಂದು ಕಿಲೋ ನೀರು ಆವಿಯಾಗಲು ಏನೇ ಮಾಡಿದರೂ 0.63 ಯೂನಿಟ್ ಶಾಖ ಬೇಕು, ಅದಕ್ಕಿಂತ ಕಡಿಮೆಯಲ್ಲಿ ಆಗದು. 8 ಕಿಲೋಗೆ 5 ಯೂನಿಟ್. ಸೋರಿಹೋಗುವ ಬಿಸಿ ಸೇರಿದರೆ ಇನ್ನೂ ಜಾಸ್ತಿ. ಎರಡು ಕಿಲೋ ಒಣ ಎಲೆಗಾಗಿ ನಾನು ಮನೆಯ ಎರಡು ದಿನದ ಕರೆಂಟನ್ನು ಸುಡುತ್ತಿದ್ದೆ. ಬಿಸಿ ಮಾಡುವ ಯಾವ ಕೆಲಸಕ್ಕೂ ಬ್ಯಾಟರಿಯನ್ನು ಮುಟ್ಟಬೇಡಿ. ಶಾಖ ಬೇಕಾದರೆ ನೇರ ಬಿಸಿಲು ಇದೆ, ಕಟ್ಟಿಗೆ ಇದೆ.

ಆಮೇಲೆ ಬಿಸಿಲಿನ ಡ್ರೈಯರ್ ಕಟ್ಟಿದೆ. ಕೆಳಗೆ ಕಪ್ಪು ಬಣ್ಣದ ತಗಡು, ಅದರ ಮೇಲೆ ಗಾಜು. ಅಲ್ಲಿ ಬಿಸಿಯಾದ ಗಾಳಿ ಮೇಲೆದ್ದು ಕತ್ತಲ ಪೆಟ್ಟಿಗೆಯೊಳಗಿನ ಜಾಲರಿಗಳ ಮೂಲಕ ಹಾದು ಹೊರಗೆ ಹೋಗುತ್ತದೆ. ಎಲೆಗೆ ನೇರ ಬಿಸಿಲು ತಾಗುವುದಿಲ್ಲ, ಬಣ್ಣವೂ ಘಮವೂ ಉಳಿಯುತ್ತವೆ. ಒಳಗೆ 35ರಿಂದ 45 ಡಿಗ್ರಿ ಸಾಕು. ಚೆನ್ನಾಗಿ ಕೆಲಸ ಮಾಡಿತು. ಆ ಧೈರ್ಯದಲ್ಲಿ ಒಂದು ದೊಡ್ಡ ಆರ್ಡರ್ ಒಪ್ಪಿ ಮುಂಗಡ ತೆಗೆದುಕೊಂಡೆ. ಕೊಯ್ಲು ಮುಗಿದ ಮಾರನೇ ದಿನವೇ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಎಲೆಯೆಲ್ಲ ಬೂಸ್ಟು ಹಿಡಿದು ಗೊಬ್ಬರದ ಗುಂಡಿಗೆ ಹೋಯಿತು. ಮುಂಗಡ ವಾಪಸ್ ಕೊಟ್ಟೆ. ಆಗಿನಿಂದ ಪೆಟ್ಟಿಗೆಯ ಕೆಳಗೆ ಕಟ್ಟಿಗೆ ಒಲೆಯ ಬಿಸಿಗಾಳಿ ಬರುವ ಹಾಗೆ ಒಂದು ಕೊಳವೆ ಇಟ್ಟಿದ್ದೇನೆ, ಹೊಗೆ ಬೇರೆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಮತ್ತೆ, ಒಣಗಿ ಡಬ್ಬಿ ಸೇರಿದ ಮಾಲಿಗೆ ಮಾತ್ರ ಆರ್ಡರ್ ಒಪ್ಪುತ್ತೇನೆ. ಗಿಡದ ಮೇಲೆ ಇರುವ ಎಲೆ ಇನ್ನೂ ಮಾಲಲ್ಲ.

ಆದರೂ ಒಣಗಿಸುವ ಕೆಲಸವನ್ನು ನಿಮಗೆ ಬೇಡ ಅನ್ನುವುದಿಲ್ಲ. ದಾರಿ ಕೆಟ್ಟ ಜಾಗಕ್ಕೆ ಹಗುರ, ಕೆಡದ, ಬೆಲೆ ಇರುವ ಮಾಲೇ ಸರಿ. 10 ಕಿಲೋ 2 ಕಿಲೋ ಆಗುತ್ತದೆ. ದಾರಿ ತೆರೆಯುವವರೆಗೆ ಮೂರು ತಿಂಗಳು ಡಬ್ಬಿಯಲ್ಲಿ ಕಾಯುತ್ತದೆ. ಇದೇ ಅಳತೆಗೋಲಿನಿಂದ ನೋಡಿದರೆ ಹಸಿ ಅಣಬೆ, ಹಾಲು, ಹಸಿ ತರಕಾರಿ ನಿಮಗೆ ಹೊಂದುವುದಿಲ್ಲ. ಅಣಬೆ ಮೂರು ನಾಲ್ಕು ವಾರದಲ್ಲಿ ಬೆಳೆ ಕೊಡುತ್ತದೆ ಅಂತ ಎಲ್ಲರೂ ಆಸೆಪಡುತ್ತಾರೆ. ಕೊಯ್ದ ಮೇಲೆ ಕೆಲವೇ ದಿನ ಬಾಳುತ್ತದೆ. ಆ ದಿನವೇ ದಾರಿ ಕೆಟ್ಟಿದ್ದರೆ ಮುಗಿಯಿತು.

ಜೇನು ಇದೇ ಕಾರಣಕ್ಕೆ ನನಗೆ ಇಷ್ಟ. ಕರೆಂಟ್ ಬೇಡ, ಫ್ರಿಜ್ ಬೇಡ. ಕೈಯಿಂದ ತಿರುಗಿಸುವ ಯಂತ್ರದಲ್ಲಿ ತುಪ್ಪ ತೆಗೆಯಬಹುದು. ಗಮನಿಸಬೇಕಾದದ್ದು ನೀರಿನಂಶ. ಅದು ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು, ಜಾಸ್ತಿ ಆದರೆ ಹುಳಿಯುತ್ತದೆ. ಹುಳುಗಳು ಮೇಣದ ಮುಚ್ಚಳ ಹಾಕಿದ ಎರಿಯನ್ನು ಮಾತ್ರ ತೆಗೆಯಿರಿ. ರಿಫ್ರಾಕ್ಟೋಮೀಟರ್ ಅನ್ನುವ ಅಂಗೈಯಗಲದ ಉಪಕರಣದಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ. ಎರಡು ಕುಟುಂಬಗಳಿಂದ ಶುರು ಮಾಡಿ. ಒಂದೇ ಇದ್ದರೆ ಅದು ಚೆನ್ನಾಗಿದೆಯಾ ಸೊರಗಿದೆಯಾ ಅಂತ ಹೋಲಿಸಲು ಏನೂ ಇರುವುದಿಲ್ಲ. ಹತ್ತು ಇಟ್ಟರೆ ಕಲಿಯುವ ಮೊದಲೇ ಹತ್ತನ್ನೂ ಕಳೆದುಕೊಳ್ಳಬಹುದು.

ಇನ್ನೊಂದು ಯೋಚನೆ ನಿಮ್ಮ ಪಟ್ಟಿಯಲ್ಲಿ ಇಲ್ಲ, ಆದರೆ ಇರಬೇಕಿತ್ತು: ಬೀಜ. ದೂರದ ಜಾಗ ಎಲ್ಲದಕ್ಕೂ ತೊಡಕು, ಬೀಜಕ್ಕೆ ಮಾತ್ರ ಅದೇ ಬಲ. ಕುಂಬಳ, ಸೌತೆ, ಜೋಳದಂಥವು ಪಕ್ಕದ ಹೊಲದ ಪರಾಗ ತಾಗಿ ಬೆರಕೆಯಾಗುತ್ತವೆ. ಅವುಗಳ ಶುದ್ಧ ಬೀಜ ಬೇಕಾದರೆ ನೂರಾರು ಮೀಟರ್ ಸುತ್ತ ಅದೇ ಜಾತಿಯ ಬೇರೆ ತಳಿ ಇರಬಾರದು. ಊರ ಪಕ್ಕದ ರೈತರಿಗೆ ಸಿಗದ ಈ ದೂರ ನಿಮಗೆ ಪುಕ್ಕಟೆ ಸಿಕ್ಕಿದೆ. ಟೊಮೆಟೊ, ಬೀನ್ಸ್, ಬಟಾಣಿ ತಾವೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಕಲಿಯುವವರಿಗೆ ಸುಲಭ. ಕೂಡಿಡುವುದಕ್ಕೆ ಒಂದು ಹಳೆಯ ಲೆಕ್ಕ ಇದೆ. ಬೀಜದ ತೇವ ನೂರಕ್ಕೆ ಒಂದರಷ್ಟು ಇಳಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಅಷ್ಟೇ. ಒಂದು ಚೀಲ ಬೀಜ ಹೆಗಲಿಗೆ ಹಾಕಿಕೊಂಡು ನಡೆಯಬಹುದು, ಅಂಚೆಯಲ್ಲಿ ಕಳಿಸಬಹುದು. ಆದರೆ ಬೀಜ ಮಾರಲು ಹಲವು ಕಡೆ ಪರವಾನಗಿ ಬೇಕು, ಮೊದಲು ವಿಚಾರಿಸಿ.

ಸೋಪಿಗೂ ಕರೆಂಟ್ ಬೇಡ. ಕಾಸ್ಟಿಕ್ ಸೋಡಾ ಮತ್ತು ಎಣ್ಣೆ ಬೆರೆತಾಗ ಶಾಖ ತಾನೇ ಹುಟ್ಟುತ್ತದೆ. ಅಚ್ಚಿಗೆ ಹೊಯ್ದ ಮೇಲೆ ನಾಲ್ಕರಿಂದ ಆರು ವಾರ ಮಾಗಬೇಕು. ಆದರೆ ಅಂದಾಜಿನ ಕೆಲಸ ಅಲ್ಲ. 1 ಕಿಲೋ ತೆಂಗಿನೆಣ್ಣೆಗೆ ಸುಮಾರು 183 ಗ್ರಾಂ ಸೋಡಾ ಹಿಡಿಯುತ್ತದೆ, ಅಷ್ಟೇ ಆಲಿವ್ ಎಣ್ಣೆಗೆ 134 ಗ್ರಾಂ. ಎಣ್ಣೆ ಬದಲಿಸಿ ಸೋಡಾ ಅಷ್ಟೇ ಇಟ್ಟರೆ ಚರ್ಮ ಸುಡುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಎಂದೂ ಹೊಯ್ಯಬಾರದು. ಎಣ್ಣೆಯನ್ನೆಲ್ಲ ದುಡ್ಡು ಕೊಟ್ಟು ಹೊತ್ತು ತರಬೇಕಾದ್ದರಿಂದ ನಿಮಗೆ ಇದು ಪಕ್ಕದ ಸಂಪಾದನೆ ಮಾತ್ರ.

ಅತಿಥಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮೊದಲ ಎರಡು ವರ್ಷ ಬೇಡ. ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ನೀರು ಬೇಕು. ನಾಲ್ವರು ಬಂದರೆ 400 ಲೀಟರ್‌ವರೆಗೆ, ಅಷ್ಟೇ ಕೊಳೆ ನೀರು. 1,500 ವ್ಯಾಟ್‌ನ ಹೇರ್ ಡ್ರೈಯರ್ ಚುಚ್ಚಿದರೆ ಮನೆ ಕತ್ತಲು. ದಾರಿ ಕೆಟ್ಟ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಹೊತ್ತುಕೊಂಡು ಹೋಗಬೇಕಾದವರು ನೀವಿಬ್ಬರೇ. ನಿಮಗೇ ಈ ಮನೆ ಅಭ್ಯಾಸವಾಗದೆ ಬೇರೆಯವರನ್ನು ಕರೆಯಬಾರದು. ಮುಂದೆ ಬೇಕಾದರೆ ಬೆಳಿಗ್ಗೆ ಬಂದು ಸಂಜೆ ಹೋಗುವಂಥ ಒಂದು ದಿನದ ಮರಗೆಲಸದ ತರಗತಿ ಮಾಡಿ. ಮನೆಗೆ ಆಗುವ ಭಾರ ತೀರಾ ಕಡಿಮೆ.

ದುಡಿಮೆಯ ಕಾಲದ ಬಗ್ಗೆ ಒಂದು ಹಳೆಯ ಉದಾಹರಣೆ ನನ್ನ ಮನಸ್ಸಿನಲ್ಲಿ ಸದಾ ಇರುತ್ತದೆ. ಅಮೆರಿಕದ ಸ್ಕಾಟ್ ನಿಯರಿಂಗ್ ಮತ್ತು ಹೆಲೆನ್ ನಿಯರಿಂಗ್ 1932ರಲ್ಲಿ ನ್ಯೂಯಾರ್ಕ್ ನಗರ ಬಿಟ್ಟು ವರ್ಮಾಂಟ್‌ನ ಗುಡ್ಡಗಾಡಿಗೆ ಹೋದರು. ಅವರ ನಗದು ಸಂಪಾದನೆ ಮುಖ್ಯವಾಗಿ ಮೇಪಲ್ ಮರದ ಪಾಕದಿಂದ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಚಳಿಗಾಲ ಮುಗಿಯುವ ಕೆಲವು ವಾರ ಮಾತ್ರ ರಸ ಬರುತ್ತದೆ. ಆ ವಾರಗಳ ದುಡಿಮೆಯಲ್ಲಿ ವರ್ಷದ ನಗದಿನ ಬಹುಪಾಲು ಬರಬೇಕು. ಇಷ್ಟೊಂದು ನೀರು ಕುದಿಸಲು ಬೇಕಾದ ಶಾಖ ಅಲ್ಲಿಯ ಕಾಡಿನ ಕಟ್ಟಿಗೆಯದೇ. ವರ್ಷಕ್ಕೆ ಎಷ್ಟು ನಗದು ಬೇಕು ಅಂತ ಅವರು ಮೊದಲೇ ಲೆಕ್ಕ ಹಾಕುತ್ತಿದ್ದರು. ಅಷ್ಟಾದ ಮೇಲೆ ಮಾರಾಟಕ್ಕಾಗಿ ದುಡಿಯುವುದನ್ನು ನಿಲ್ಲಿಸುತ್ತಿದ್ದರು. ನೀವು ಅವರಂತೆಯೇ ಬದುಕಬೇಕು ಅಂತ ಹೇಳುತ್ತಿಲ್ಲ. ಆದರೆ ಬೇಕಾದ ನಗದಿನ ಅಂಕಿ ಮೊದಲು, ಕೆಲಸ ಆಮೇಲೆ, ಈ ಕ್ರಮ ನಿಮಗೂ ಸರಿಹೊಂದುತ್ತದೆ.

ಆ ಅಂಕಿಯಲ್ಲಿ ಎಲ್ಲರೂ ಮರೆಯುವುದು ಬ್ಯಾಟರಿಯ ಸವೆತ. ಅರ್ಧಕ್ಕೆ ಇಳಿಸಿ ಚಾರ್ಜ್ ಮಾಡಿದರೆ ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ 500ರಿಂದ 1,000 ಸಲ ಬಾಳುತ್ತದೆ. ದಿನಕ್ಕೊಮ್ಮೆ ಅಂದರೆ ಸುಮಾರು ಒಂದೂವರೆಯಿಂದ ಮೂರು ವರ್ಷ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇನ್ನೂ ಆಳಕ್ಕೆ ಇಳಿಸಿದರೂ 2,000ಕ್ಕಿಂತ ಜಾಸ್ತಿ ಸಲ ಬಾಳುತ್ತದೆ. ನಿಮ್ಮ ಬ್ಯಾಟರಿಯ ಬೆಲೆಯನ್ನು ಅದು ಬಾಳುವ ದಿನಗಳಿಂದ ಭಾಗಿಸಿ. ಬಂದದ್ದು ನಿಮ್ಮ ಒಂದು ದಿನದ ಕರೆಂಟಿನ ನಿಜವಾದ ಬೆಲೆ. ಲೆಕ್ಕಪತ್ರದ ಕೆಲಸ ಅದರಲ್ಲಿ ಅರ್ಧ ತಿನ್ನುತ್ತದೆ ಅಂತಾದರೆ ಆ ಅರ್ಧವನ್ನು ಸಂಪಾದನೆಯಿಂದ ದಿನವೂ ತೆಗೆದಿಡಿ. ನನ್ನ ಮೊದಲ ಬ್ಯಾಟರಿಗಳು ಸತ್ತಾಗ ನನ್ನ ಕೈಯಲ್ಲಿ ಆ ದುಡ್ಡು ಇರಲಿಲ್ಲ. ನಾಲ್ಕು ತಿಂಗಳು ಲಾಟೀನಿನಲ್ಲಿ ಕಳೆದೆವು. ತೆರಿಗೆ, ವಿಮೆ, ವೈದ್ಯರ ಖರ್ಚು ಇವು ಕೂಡ ಗ್ರಿಡ್ ಇಲ್ಲ ಅಂತ ಬಿಡುವುದಿಲ್ಲ, ಅವನ್ನೂ ಬರೆಯಿರಿ. ಸಾಲ ಇದ್ದರೆ ತೀರಿಸಿಯೇ ಹೊರಡಿ. ತಿಂಗಳ ಕಂತು ಮಳೆ ಮೋಡ ನೋಡುವುದಿಲ್ಲ.

ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಚೌಕಗಳನ್ನು ಎಳೆಯಿರಿ. ದಾರಿ ಕೆಡುವ ತಿಂಗಳು, ಮೋಡದ ತಿಂಗಳು, ತೊರೆ ಸೊರಗುವ ತಿಂಗಳು ಮೊದಲು ಬರೆಯಿರಿ. ಆಮೇಲೆ ಪ್ರತಿ ಕೆಲಸದ ದುಡಿಮೆ ಯಾವಾಗ, ದುಡ್ಡು ಯಾವಾಗ ಅಂತ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ. ಎರಡು ಕೆಲಸಗಳ ದುಡಿಮೆ ಒಂದೇ ವಾರಕ್ಕೆ ಬಂದರೆ ಒಂದನ್ನು ಕೈಬಿಡಿ. ದುಡ್ಡೇ ಬಾರದ ಮೂರು ತಿಂಗಳು ಸಾಲಾಗಿ ಕಂಡರೆ ಆ ಮೂರು ತಿಂಗಳಿಗಾಗಿಯೇ ಲೆಕ್ಕಪತ್ರದ ಕೆಲಸ ಉಳಿಸಿಕೊಂಡಿದ್ದು ಅಂತ ತಿಳಿಯಿರಿ. ನನ್ನ ಅಂದಾಜಿನಲ್ಲಿ ನಿಮ್ಮ ಮೊದಲ ವರ್ಷದ ಹಾಳೆಯಲ್ಲಿ ಇಷ್ಟೇ ಇರಬೇಕು: ಲೆಕ್ಕಪತ್ರ ವರ್ಷಪೂರ್ತಿ, ಸಣ್ಣ ಮರಗೆಲಸ ದಾರಿ ಕೆಟ್ಟ ತಿಂಗಳುಗಳಲ್ಲಿ, ಎರಡು ಜೇನು ಕುಟುಂಬ ಕಲಿಯಲು, ಒಂದು ಬಿಸಿಲ ಡ್ರೈಯರ್ ಮನೆ ಬಳಕೆಗೆ. ಎಂಟು ತಿಂಗಳ ಉಳಿತಾಯವನ್ನು ಸಂಸಾರಕ್ಕೆ ಮುಟ್ಟಬೇಡಿ. ತೊರೆಯ ಅಂಕಿ ಚೆನ್ನಾಗಿ ಬಂದರೆ ಅದರಲ್ಲಿ ಒಂದು ಪಾಲು ಟರ್ಬೈನ್‌ಗೆ ಹೋಗಲಿ, ಉಳಿದದ್ದು ಹಾಗೇ ಇರಲಿ.

ಬಕೆಟ್ ತುಂಬಲು ಎಷ್ಟು ಸೆಕೆಂಡ್ ಆಯಿತು, ಇಳಿಜಾರು ಎಷ್ಟು ಮೀಟರ್ ಅಂತ ಬರೆದು ಕಳಿಸಿ. ಯಾವ ತಿಂಗಳಲ್ಲಿ ಅಳೆದಿರಿ ಅಂತಲೂ ತಿಳಿಸಿ. ಎಷ್ಟು ದಪ್ಪದ ಪೈಪ್ ಬೇಕು, ಯಾವ ಬಗೆಯ ಟರ್ಬೈನ್ ಹೊಂದುತ್ತದೆ ಅಂತ ಆಗ ಲೆಕ್ಕ ಮಾಡಿ ಹೇಳುತ್ತೇನೆ.